ಅಮರೇಶಪ್ಪನವರ ಐವತ್ನಾಲ್ಕು ಪರ್ಸೆಂಟ್

ಎರಡು ಸಾವಿರದ ನಾಲ್ಕನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಹೈದರಾಬಾದಿನ ಮಾಧಾಪುರದ ಒಂದು ಸಾಫ್ಟ್‌ವೇರ್ ಕಂಪನಿಯವರು ತಮ್ಮ ನೌಕರರೆಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ಕಂಪನಿ ನನ್ನ ರಕ್ತ ಹೀರುತ್ತಿದೆ ಎಂದು ಆರು ವರ್ಷಗಳಿಂದ ಮನೆಯಲ್ಲಿ ಹೇಳಿಕೊಂಡು ಬಂದಿದ್ದ ಅಮರೇಶಪ್ಪನವರು, ಈ ಸಲ ಅದಕ್ಕೊಂದು ಲಿಖಿತ ವರದಿಯೂ ಸಿಗುತ್ತದೆಂದು ಕೇಳಿ ಮರುಮಾತಿಲ್ಲದೆ ತೋಳು ಚಾಚಿದರು.

ಅಮರೇಶಪ್ಪನವರು ಸಾಫ್ಟ್‌ವೇರಿನವರಲ್ಲ. ಸಾಫ್ಟ್‌ವೇರ್ ಬರೆಯುವವರನ್ನು ಮನೆಯಿಂದ ಕಂಪನಿಗೆ, ಕಂಪನಿಯಿಂದ ಮನೆಗೆ ಸಾಗಿಸುವ ನಲವತ್ತು ಗಾಡಿಗಳ ಸೂಪರ್‌ವೈಸರ್. ಸಿಂಧನೂರಿನ ಕಡೆಯ ಅವರ ನೆಂಟರಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲ. ಇವರೂ ತಿಳಿಸಲು ಹೋಗಿರಲಿಲ್ಲ. ಯಾವ ಗಾಡಿ ಕೂಕಟಪಲ್ಲಿಯಲ್ಲಿ ಪಂಕ್ಚರ್ ಆಯಿತು, ಯಾರನ್ನು ದಿಲ್‌ಸುಖ್‌ನಗರದಲ್ಲಿ ಬಿಟ್ಟು ಬಂದರು, ಯಾರು ಅಮೀರ್‌ಪೇಟೆಯ ಬಸ್‌ಸ್ಟಾಪಿನಲ್ಲಿ ಅರ್ಧ ಗಂಟೆಯಿಂದ ನಿಂತು ಬೈಯುತ್ತಿದ್ದಾರೆ, ಎಲ್ಲವೂ ಅವರ ಸೆಲ್‌ಫೋನಿಗೇ ಬರಬೇಕು. ಬೆಳಗಿನ ನಾಲ್ಕೂವರೆಗೆ ಶುರುವಾದ ಫೋನು ಕೊನೆಯ ಶಿಫ್ಟಿನವರು ಮನೆ ಸೇರುವವರೆಗೆ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತವರು ಒಮ್ಮೆ ರೊಟ್ಟಿಯನ್ನೇ ಕಿವಿಗೆ ಹಿಡಿದು 'ಹಲೋ' ಎಂದಿದ್ದರೆಂದು ಅವರ ಹೆಂಡತಿ ಸಾವಿತ್ರಿಬಾಯಿ ಬಂದವರಿಗೆಲ್ಲ ಹೇಳುತ್ತಾರೆ. ಅಮರೇಶಪ್ಪನವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅದು ಚಪಾತಿ.

ಅವರಿಗೆ ಸಂಬಳವಿಲ್ಲದ ಇನ್ನೊಂದು ಹುದ್ದೆಯೂ ಇತ್ತು. ಹರೆಯದಲ್ಲಿ ಎರಡು ವರ್ಷ ರಾಯಚೂರಿನ ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದರಿಂದ, ತಾರ್ನಾಕದಲ್ಲಿ ಅವರು ಬಾಡಿಗೆಗಿದ್ದ ಮೂರಂತಸ್ತಿನ ಕಟ್ಟಡಕ್ಕೆ ಅವರೇ ಅರ್ಧ ಡಾಕ್ಟರ್. ಆರು ಮನೆಗಳಲ್ಲಿ ಯಾರದೇ ರಕ್ತದ ರಿಪೋರ್ಟು ಬರಲಿ, ಮೊದಲು ಕೆಳಗಿನ ಮನೆಗೆ ಬರುತ್ತಿತ್ತು. ಅಮರೇಶಪ್ಪನವರು ಕನ್ನಡಕ ಏರಿಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗೆ ಬೆರಳಾಡಿಸಿ, ಅಂಥಾದ್ದೇನಿಲ್ಲ, ಬೀಟ್‌ರೂಟ್ ತಿನ್ನಿರಿ ಎನ್ನುತ್ತಿದ್ದರು. ಆ ಕಟ್ಟಡದಲ್ಲಿ ಖರ್ಚಾಗುತ್ತಿದ್ದಷ್ಟು ಬೀಟ್‌ರೂಟ್ ಉಳಿದ ತಾರ್ನಾಕದಲ್ಲಿ ಒಟ್ಟಾರೆಯಾಗಿಯೂ ಖರ್ಚಾಗುತ್ತಿರಲಿಲ್ಲ.

ಇಂಥವರ ಕೈಗೆ ಒಂದು ಗುರುವಾರ ಅವರದೇ ರಿಪೋರ್ಟು ಬಂತು. ಸಕ್ಕರೆ ಸರಿಯಿತ್ತು. ಕೊಬ್ಬು ಸರಿಯಿತ್ತು. ಲಿಂಫೋಸೈಟ್ಸ್ ಎಂಬ ಹೆಸರಿನ ಮುಂದೆ ಮಾತ್ರ ಐವತ್ನಾಲ್ಕು ಪರ್ಸೆಂಟ್ ಎಂದು ದಪ್ಪ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷಿನ 'ಎಚ್' ಅಕ್ಷರ ಹಾಕಿತ್ತು. ಇರಬೇಕಾದದ್ದು ಇಪ್ಪತ್ತರಿಂದ ನಲವತ್ತು ಎಂದು ಅದರ ಎದುರಿಗೇ ಅಚ್ಚಾಗಿತ್ತು. ಇಷ್ಟು ವರ್ಷ ಊರ ಮಂದಿಯ ರಿಪೋರ್ಟು ಓದುವಾಗ ಅಮರೇಶಪ್ಪನವರು ಈ ಸಾಲನ್ನು ಹಾರಿಸಿಯೇ ಮುಂದೆ ಹೋಗಿದ್ದರು. ಹೆಸರು ಬಾಯಲ್ಲಿ ಹೊರಳುತ್ತಿರಲಿಲ್ಲ. ಈಗ ಯಾರನ್ನಾದರೂ ಕೇಳೋಣವೆಂದರೆ ಅರ್ಧ ಡಾಕ್ಟರಿಕೆಗೆ ಕುಂದು. ಕಡೆಗೆ ಚಹಾದ ಯಂತ್ರದ ಬಳಿ ನಿಂತಿದ್ದ ಒಬ್ಬ ಎಂಜಿನಿಯರನ್ನು, ಬೇರೆ ಯಾರದೋ ವಿಷಯವೆಂಬಂತೆ, ಇದರ ಕೆಲಸವೇನೆಂದು ವಿಚಾರಿಸಿದರು. ರಕ್ತದಲ್ಲಿರುವ ಬಿಳಿ ಕಣಗಳು, ರೋಗದ ಜೊತೆ ಹೊಡೆದಾಡುವ ಸೈನಿಕರು ಎಂದು ಅವನು ಹೇಳಿ ಲಿಫ್ಟು ಹತ್ತಿದ. ಅಮರೇಶಪ್ಪನವರಿಗೆ ಅಷ್ಟು ಸಾಕಾಯಿತು. ಎಲ್ಲರಿಗೂ ಇಪ್ಪತ್ತು, ನಲವತ್ತು ಸೈನಿಕರಿರುವಾಗ ತಮಗೆ ಐವತ್ನಾಲ್ಕು. ಶಾಲೆಯಲ್ಲೂ ಸಿಗದಿದ್ದ ಅಂಕ ರಕ್ತದಲ್ಲಿ ಸಿಕ್ಕಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದರು. ಇಷ್ಟು ದಣಿದರೂ ನಾನು ಬಿದ್ದಿಲ್ಲ ಎಂದರೆ ಇದೇ ಕಾರಣ, ಕಂಪನಿಯವರೇ ಚೀಟಿ ಕೊಟ್ಟಿದ್ದಾರೆ ಎಂದರು. ಸಾವಿತ್ರಿಬಾಯಿಗೆ ಗಂಡನನ್ನು ಹೊಗಳುವ ಸಂದರ್ಭಗಳು ಹೆಚ್ಚಾಗಿ ಒದಗಿರಲಿಲ್ಲವಾದ್ದರಿಂದ, ಒದಗಿದ್ದನ್ನು ಅವರು ಪೂರ್ತಿ ಬಳಸಿಕೊಂಡರು. ಮೇಲಿನ ಮನೆಯ ಸ್ನೇಹಲತಾಳಿಗೆ ಹೇಳಿದರು. ಆಕೆ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸ್ ಕಲಿಸುವ ತನ್ನ ಗಂಡ ಮಹೇಶಕುಮಾರನಿಗೆ ಹೇಳಿದಳು. ಸಾವಿತ್ರಿಬಾಯಿ ಬೇಗಂ ಬಜಾರಿನಲ್ಲಿ ಕಿರಾಣಿ ವ್ಯಾಪಾರವಿರುವ ತಮ್ಮ ಬೂದೆಪ್ಪನಿಗೂ ಫೋನು ಮಾಡಿದರು.

"ನಿಮ್ಮ ಮಾವಗ ಲಿಂಪೋ ಸೈಟು ಐವತ್ನಾಲ್ಕು ಬಂದಾವ ನೋಡು ತಮ್ಮಾ," ಎಂದರು. "ಮಂದಿಗೆಲ್ಲ ಇಪ್ಪತ್ತು, ಮೂವತ್ತು. ಇವ್ರಿಗೆ ಐವತ್ನಾಲ್ಕು. ಕಂಪನಿಯವರು ಬರದು ಕೊಟ್ಟಾರ."

ಬೂದೆಪ್ಪನ ಅಂಗಡಿಯಲ್ಲಿ ಆಗ ಮೆಣಸಿನಕಾಯಿಯ ಚೀಲ ಇಳಿಯುತ್ತಿದ್ದವು. ಹಮಾಲರ ಗದ್ದಲದಲ್ಲಿ ಅವನಿಗೆ ಕೇಳಿಸಿದ್ದು ಎರಡೇ ಸಂಗತಿ: ಕಂಪನಿಯವರು ಬರೆದು ಕೊಟ್ಟಿದ್ದಾರೆ, ಐವತ್ನಾಲ್ಕು ಸೈಟು. ಆ ಕಾಲದ ಹೈದರಾಬಾದಿನಲ್ಲಿ ಇದನ್ನು ನಂಬದಿರಲು ಕಾರಣವೇ ಇರಲಿಲ್ಲ. ಬಂಡೆ ಇದ್ದಲ್ಲಿ ಗಾಜಿನ ಕಟ್ಟಡ ಏಳುತ್ತಿದ್ದವು; ನಿನ್ನೆ ಎಮ್ಮೆ ಮೇಯಿಸುತ್ತಿದ್ದವರು ಇಂದು ಕಾರಿನಲ್ಲಿ ಕೂತು ಎಮ್ಮೆಗೆ ಹಾರ್ನ್ ಹೊಡೆಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಬೂದೆಪ್ಪ ಎರಡು ಕಿಲೋ ಪೇಡೆ ಹಿಡಿದುಕೊಂಡು ಬಂದ. ಮುಖದಲ್ಲಿ ಸಂತೋಷಕ್ಕಿಂತ ಅಸಮಾಧಾನ ಹೆಚ್ಚಿತ್ತು. ಇಷ್ಟು ದೊಡ್ಡ ವಿಷಯ ಅಕ್ಕನ ಬಾಯಿಂದ ಕೇಳಬೇಕಾಯಿತಲ್ಲ, ನಾವೇನು ಪರದೇಶಿಗಳೇ ಎಂದು ಕೇಳಿ, ನೀರು ಕುಡಿದು, ದನಿ ಇಳಿಸಿದ.

"ಎಲ್ಲಿ ಅದಾವ್ರಿ ಮಾವ?"

"ರಕ್ತದಾಗ ಅದಾವ," ಎಂದರು ಅಮರೇಶಪ್ಪನವರು.

ಬೂದೆಪ್ಪ ತಲೆದೂಗಿದ. "ಖರೇ ಐತ್ರಿ. ಆಸ್ತಿ ಮಾಡೋ ಗುಣ ರಕ್ತದಾಗಽ ಇರಬೇಕು."

"ಮೈತುಂಬ ತಿರಗ್ತಿರ್ತಾವ. ಒಂದ ಕಡೆ ನಿಂದರಂಗಿಲ್ಲ."

"ಹಂಗಂದ್ರ? ಗಡಿ ಗುರುತು ಹಾಕಿಲ್ಲೇನು?"

"ಅವಕ್ಕೆಂಥಾ ಗಡಿ? ತಾವ ಹುಟ್ತಾವ, ತಾವ ಸಾಯ್ತಾವ."

ಸೈಟು ಸಾಯುವ ವಿಚಾರ ಬೂದೆಪ್ಪ ಈ ಮೊದಲು ಕೇಳಿರಲಿಲ್ಲ. ರಿಪೋರ್ಟು ತರಿಸಿ ನೋಡಿದ. ಅದರಲ್ಲಿ ಸರ್ವೆ ನಂಬರ್ ಇರಲಿಲ್ಲ. ವಿಷಯ ತಿಳಿಯಲು ಅವನಿಗೆ ಐದು ನಿಮಿಷ ಬೇಕಾಯಿತು. ತಿಳಿದ ಮೇಲೆ ಪೇಡೆಯ ಪೆಟ್ಟಿಗೆಯನ್ನು ಮುಚ್ಚಬೇಕೋ ತೆರೆದಿಡಬೇಕೋ ಎಂದು ನಿರ್ಧರಿಸಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು. ಕಡೆಗೆ ಆರೋಗ್ಯವೂ ಆಸ್ತಿಯೇ ಎಂದು ಅಕ್ಕನೇ ತೀರ್ಪು ಕೊಟ್ಟು ಎಲ್ಲರ ಕೈಗೂ ಒಂದೊಂದು ಪೇಡೆ ಇಟ್ಟರು.

ಅದು ಬಾಯಿಗೆ ಹೋಗುವ ಮೊದಲೇ ಮಹೇಶಕುಮಾರ ಒಳಗೆ ಬಂದ. ಹಿಂದೆ ಸ್ನೇಹಲತಾ. ಅವನ ಕೈಯಲ್ಲಿ ಇಂಟರ್‌ನೆಟ್ಟಿನಿಂದ ತೆಗೆದ ಹನ್ನೊಂದು ಪುಟಗಳಿದ್ದವು. ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದ.

"ಕಾಕಾ, ಜರಾ ಕುಂದರ್ರಿ," ಎಂದ.

ಕುಳಿತೇ ಇದ್ದ ಅಮರೇಶಪ್ಪನವರು ಇನ್ನಷ್ಟು ಕುಳಿತರು.

"ಇವು ಹೆಚ್ಚಾಗೋದು ಛಲೋ ಅಲ್ರಿ ಕಾಕಾ. ಹೆಚ್ಚಾದ್ರ ರಕ್ತದ ಕ್ಯಾನ್ಸರ್ ಇರಬಹುದಂತ ಬರದಾರ. ಐದನೇ ಪುಟದಾಗ ಐತಿ."

ಮೊದಲ ನಾಲ್ಕು ಪುಟದಲ್ಲಿ ಏನಿತ್ತೆಂದು ಆ ಹೊತ್ತಿನಲ್ಲಿ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪೇಡೆ ಹಿಡಿದ ಕೈಗಳು ಇದ್ದಲ್ಲೇ ನಿಂತವು. ಮಹೇಶಕುಮಾರ ಪಾಠ ಹೇಳಿ ರೂಢಿಯಿದ್ದವನಾದ್ದರಿಂದ, ರೋಗದ ಲಕ್ಷಣಗಳನ್ನು ಒಂದೊಂದಾಗಿ ಓದಿ ವಿದ್ಯಾರ್ಥಿಗೆ ಉತ್ತರಿಸಲು ಸಮಯ ಕೊಟ್ಟ. ಗಂಟು? ಇಲ್ಲ. ಜ್ವರ? ಇಲ್ಲ. ತೂಕ ಇಳಿಯುವುದು? ಸಾವಿತ್ರಿಬಾಯಿ ಗಂಡನ ಹೊಟ್ಟೆಯ ಕಡೆ ನೋಡಿ, ಇಲ್ಲ ಎಂದರು.

"ದಣಿವು ಇರ್ತದಂತ್ರಿ. ಎಷ್ಟು ಮಲಗಿದ್ರೂ ಹೋಗಂಗಿಲ್ಲಂತ."

"ಅದು ಐತಿ," ಎಂದರು ಅಮರೇಶಪ್ಪನವರು. "ಆರು ವರ್ಷದಿಂದ ಐತಿ."

ಆರು ವರ್ಷ ಎಂಬ ಮಾತು ಎಲ್ಲರ ಅನುಮಾನವನ್ನೂ ಮುಗಿಸಿಬಿಟ್ಟಿತ್ತು. ಬೂದೆಪ್ಪ ತನ್ನ ಪೇಡೆಯನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಮರುದಿನ ಅಮರೇಶಪ್ಪನವರು ಒಂದು ದಿನದ ರಜೆ ಕೇಳಲು ಕಂಪನಿಯ ಎಚ್‌ಆರ್ ವಿಭಾಗಕ್ಕೆ ಹೋದರು. ಅಲ್ಲಿ ಮೈಸೂರಿನ ಪೂರ್ವಿ ಎಂಬ ಹುಡುಗಿ ಕುಳಿತಿದ್ದಳು. ರಜೆಯ ಅರ್ಜಿಯಲ್ಲಿ ಕಾರಣದ ಜಾಗ ಬಹಳ ಚಿಕ್ಕದಾಗಿತ್ತು. ಅವರು ಅದರಲ್ಲಿ 'ಲಿಂಫೋಸೈಟ್, ಕ್ಯಾನ್ಸರ್, ಒಂದು ದಿನ' ಎಂದು ಬರೆದರು. ಪೂರ್ವಿ ಅದನ್ನು ಎರಡು ಸಲ ಓದಿದಳು. ಅವಳ ಕಣ್ಣು ತುಂಬಿತು. ಒಂದು ದಿನ ಅಂತ ಯಾಕೆ ಬರೆದಿದ್ದೀರ ಎಂದು ಕೇಳಿದಳು. ಬುಧವಾರದ ಶಿಫ್ಟಿಗೆ ಎರಡು ಗಾಡಿ ಕಡಿಮೆ ಬಿದ್ದಿವೆ, ನಾನು ಇರಲೇಬೇಕು ಎಂದು ಇವರು ವಿವರಿಸಿದರು. ಅವಳು ಅರ್ಜಿಯಲ್ಲಿ 'ಒಂದು' ಎಂಬುದನ್ನು ಹೊಡೆದುಹಾಕಿ ಹದಿನೈದು ಎಂದು ತಾನೇ ತಿದ್ದಿದಳು.

"ಸಾರ್, ಕಂಪನಿ ಫೋನ್ ಇಲ್ಲಿ ಕೊಟ್ಟುಬಿಡಿ. ನೀವು ಮನೇಲಿರಿ, ಅಷ್ಟೇ."

ಅಮರೇಶಪ್ಪನವರು ಫೋನನ್ನು ಮೇಜಿನ ಮೇಲಿಟ್ಟರು. ಇಡುವಷ್ಟರಲ್ಲಿ ಅದು ಎರಡು ಸಲ ಹೊಡೆದುಕೊಂಡಿತು. ಅವರು ಹೊರಗೆ ಹೋಗುವ ಮೊದಲೇ ಇಡೀ ಕಂಪನಿಗೆ ಒಂದು ಮೇಲ್ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ರಕ್ತ ಕೊಡಲು ಅರವತ್ತೆರಡು ಜನ ಹೆಸರು ಬರೆಸಿದರು. ಅವರಲ್ಲಿ ಅರ್ಧ ಜನ, ಗಾಡಿ ತಡವಾಯಿತೆಂದು ಹಿಂದಿನ ವಾರವಷ್ಟೇ ಇವರ ರಕ್ತ ಕುದಿಸಿದವರು.

ಮನೆಗೆ ಬಂದು ಅಮರೇಶಪ್ಪನವರು ಮಲಗಿದರು. ಮೊದಲ ದಿನ ಹದಿನಾಲ್ಕು ತಾಸು ಮಲಗಿದರು. ಎರಡನೆಯ ದಿನ ಹನ್ನೆರಡು. ಸಾಯುವ ಮನುಷ್ಯನಿಗೆ ನಿದ್ದೆ ಹತ್ತಬಾರದು ಎಂದು ಅವರಿಗೂ ಅನ್ನಿಸುತ್ತಿತ್ತು. ಹಾಗೆ ಅನ್ನಿಸುತ್ತಿರುವಾಗಲೇ ಕಣ್ಣು ಮುಚ್ಚುತ್ತಿದ್ದವು. ಅವರಿಗೆ ಗೊರಕೆಯ ಅಭ್ಯಾಸವಿತ್ತು. ಸಾವಿತ್ರಿಬಾಯಿ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳುತ್ತಿದ್ದರು. ನಡುವೆ ನಿಂತರೆ ಕೈಲಿದ್ದ ಸೌಟು ಬಿಟ್ಟು ಬಂದು ನೋಡುತ್ತಿದ್ದರು. ಇಪ್ಪತ್ನಾಲ್ಕು ವರ್ಷಗಳಲ್ಲಿ ಮೊದಲ ಸಲ ಆಕೆ ಗಂಡನ ಮೇಲೆ ರೇಗಲಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದರೂ ಸುಮ್ಮನೆ ಎತ್ತಿಕೊಂಡು ಹೋದರು. ಅಮರೇಶಪ್ಪನವರನ್ನು ಹನ್ನೊಂದು ಪುಟಗಳಿಗಿಂತ ಹೆಚ್ಚು ಹೆದರಿಸಿದ್ದು ಆ ಟವೆಲು.

ನೋಡಲು ಬರುವವರು ಹೆಚ್ಚಾದರು. ಬೂದೆಪ್ಪ ದಿನಾ ಸಂಜೆ ಅಂಗಡಿಯಿಂದ ಒಣ ಅಂಜೂರ, ಕೆಂಪು ಕಲ್ಲುಸಕ್ಕರೆ, ಯಾವುದೋ ಬೇರು ತರುತ್ತಿದ್ದ. ಎರಡನೆಯ ಅಂತಸ್ತಿನವರು ಗೋಧಿ ಹುಲ್ಲಿನ ರಸ ಕಳಿಸಿದರು. ಸಿಂಧನೂರಿನಿಂದ ದೊಡ್ಡಪ್ಪನ ಮಗ ಅಮೃತಪ್ಪ ಬಂದು, ಉಪ್ಪು ಬಿಡಬೇಕೆಂದು ಹೇಳಿ, ತಾನು ಉಪ್ಪಿನಕಾಯಿ ಹಾಕಿಸಿಕೊಂಡು ಉಂಡು, ಮರುದಿನದ ಗಾಡಿಗೆ ಹೋದ. ಬಂದವರೆಲ್ಲ ಮೊದಲು ರಿಪೋರ್ಟು ಕೇಳುತ್ತಿದ್ದರು, ಆ 'ಎಚ್' ಮೇಲೆ ಬೆರಳಿಟ್ಟು ನೋಡುತ್ತಿದ್ದರು, ಉಸಿರು ಬಿಡುತ್ತಿದ್ದರು.

ಇದರ ಜೊತೆಗೆ ತಪ್ಪೊಪ್ಪಿಗೆಗಳೂ ಶುರುವಾದವು. ಸಾಯುವವರ ಮುಂದೆ ಮನಸ್ಸು ಹಗುರ ಮಾಡಿಕೊಳ್ಳುವ ಅವಕಾಶವನ್ನು ನಮ್ಮ ಜನ ಬಿಡುವುದಿಲ್ಲ. ಮೂರು ವರ್ಷದ ಹಿಂದೆ ತುಳಸಿಯ ಕುಂಡ ಒಡೆದದ್ದು ಬೆಕ್ಕಲ್ಲ, ತಾನು ಎಂದು ಸ್ನೇಹಲತಾ ಒಪ್ಪಿಕೊಂಡಳು. ಮಾವನ ಹೆಸರು ಹೇಳಿ ಕಂಪನಿಯ ಗಾಡಿಯಲ್ಲಿ ನಾಲ್ಕು ಸಲ ಬೆಲ್ಲ ಸಾಗಿಸಿದ್ದಾಗಿ ಬೂದೆಪ್ಪ ಒಪ್ಪಿಕೊಂಡ. ಎಲ್ಲಕ್ಕಿಂತ ದೊಡ್ಡ ಒಪ್ಪಿಗೆ ಬಂದದ್ದು ಡ್ರೈವರ್ ಮಲ್ಲಣ್ಣನಿಂದ. ಜಹೀರಾಬಾದಿನ ಕಡೆಯ ಈ ಮಲ್ಲಣ್ಣ ನಲವತ್ತು ಗಾಡಿಗಳ ಡ್ರೈವರುಗಳಲ್ಲೆಲ್ಲ ಹಿರಿಯ. ಹತ್ತನೆಯ ದಿನ ಸಂಜೆ, ಎಲ್ಲರೂ ಸೇರಿದ್ದ ಹೊತ್ತಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕೂತ.

"ಸಾರ, ಮುಂಜಾನಿ ಐದಕ್ಕ ನೀವು ಫೋನ್ ಮಾಡ್ತಿದ್ರಿ. ನಾ ಪಿಕಪ್ ಪಾಯಿಂಟಿಗೆ ಬಂದೀನಿ ಸಾರ ಅಂತಿದ್ದೆ."

"ಹೂಂ."

"ಎರಡು ವರ್ಷ ನಾ ಹಾಸಿಗಿನಾಗ ಇದ್ದೆನ್ರಿ."

ಅಮರೇಶಪ್ಪನವರು ಕಣ್ಣು ಮುಚ್ಚಿದರು. ಆ ಎರಡು ವರ್ಷ, ಐದು ಗಂಟೆಗೆ ಮಲ್ಲಣ್ಣ ಪಾಯಿಂಟಿನಲ್ಲಿದ್ದಾನೆಂಬ ಒಂದೇ ಧೈರ್ಯದ ಮೇಲೆ ಅವರು ಇಡೀ ದಿನ ನಡೆಸಿದ್ದರು. ಆದರೆ ಮಲ್ಲಣ್ಣನ ಮುಖ ನೋಡಿದಾಗ ಸಿಟ್ಟು ಬರಲಿಲ್ಲ. ಬದಲಿಗೆ ತಾವೂ ಏನಾದರೂ ಇಳಿಸಿಬಿಡಬೇಕೆನಿಸಿತು. ದಿಂಬಿಗೆ ಒರಗಿ ಕೂತು ಎಲ್ಲರನ್ನೂ ಒಮ್ಮೆ ನೋಡಿದರು.

"ನಂದೂ ಒಂದೈತಿ," ಎಂದರು. "ನಾ ಔಷಧದ ಅಂಗಡಿಯಾಗ ಇದ್ದದ್ದು ಖರೇ. ಆದ್ರ ನಾ ಖೋಕಾ, ಪೆಟಿಗಿ ಹೊರತಿದ್ದೆ. ಗುಳಿಗಿ ಸಹಿತ ಮುಟ್ಟಾಕ ಬಿಡ್ತಿದ್ದಿಲ್ಲ. ಈ ರಿಪೋರ್ಟು ಗಿಪೋರ್ಟು ನನಗೊಂದೂ ತಿಳಿಯಂಗಿಲ್ಲ. ಬೀಟ್‌ರೂಟ್ ಅಂತ ಬಾಯಿಗೆ ಬಂದದ್ದು ಹೇಳ್ತಿದ್ದೆ."

ಅಮರೇಶಪ್ಪನವರು ತಲೆ ತಗ್ಗಿಸಿದರು. ಸ್ನೇಹಲತಾ ಸೆರಗು ಸರಿ ಮಾಡಿಕೊಂಡಳು.

"ನಮಗ ಗೊತ್ತಿತ್ರಿ ಕಾಕಾ."

"ಗೊತ್ತಿತ್ತು?"

"ಕಟ್ಟಡಕ್ಕೆಲ್ಲ ಗೊತ್ತೈತಿ. ಒಮ್ಮೆ ನೀವು ರಿಪೋರ್ಟು ತಲಿಕೆಳಗ ಹಿಡದು ಓದಿದ್ರಿ."

"ಹಂಗಾದ್ರ ಯಾಕ ತರ್ತಿದ್ರಿ ನನ್ನ ಕಡೆ?"

ಆಕೆ ಸ್ವಲ್ಪ ಯೋಚಿಸಿದಳು. "ಡಾಕ್ಟರು ಮರುದಿನ ಸಿಗ್ತಿದ್ರು. ನೀವು ಏನಿಲ್ಲ ಅಂದ್ರ ಆವತ್ತು ಊಟ ಹೋಗ್ತಿತ್ತು. ಅಷ್ಟ."

ಅರ್ಧ ಡಾಕ್ಟರಿಕೆ ಹೋದ ದುಃಖವೂ, ಅದು ಇಲ್ಲದೆಯೇ ಇಷ್ಟು ವರ್ಷ ನಡೆದ ಸಮಾಧಾನವೂ ಅಮರೇಶಪ್ಪನವರಿಗೆ ಒಟ್ಟಿಗೇ ಆದವು. ಆಗ ಮಲ್ಲಣ್ಣ ನೆಲದ ಮೇಲಿಂದ ಒಂದು ಪ್ರಶ್ನೆ ಕೇಳಿದ.

"ಮತ್ತ ನಿಮ್ಮ ಡಾಕ್ಟರ ಏನಂದ್ರು ಸಾರ?"

ಸಾವಿತ್ರಿಬಾಯಿ ಬೂದೆಪ್ಪನ ಕಡೆ ನೋಡಿದರು. ಬೂದೆಪ್ಪ ಮಹೇಶಕುಮಾರನ ಕಡೆ ನೋಡಿದ. ಮಹೇಶಕುಮಾರ ತನ್ನ ಹನ್ನೊಂದು ಪುಟಗಳ ಕಡೆ ನೋಡಿದ. ಹತ್ತು ದಿನಗಳಲ್ಲಿ ಆ ರಿಪೋರ್ಟನ್ನು ಆರು ಮನೆಗಳವರು, ಇಬ್ಬರು ಕಿರಾಣಿ ವ್ಯಾಪಾರಿಗಳು, ಒಬ್ಬ ಜ್ಯೋತಿಷಿ ಹಾಗೂ ಹಾಲು ಹಾಕುವವನು ನೋಡಿದ್ದರು. ಡಾಕ್ಟರಿಗೆ ತೋರಿಸುವುದೊಂದು ಉಳಿದುಹೋಗಿತ್ತು.

ಮರುದಿನ ಎಲ್ಲರೂ ಮಲ್ಲಣ್ಣನ ಕ್ವಾಲಿಸ್ ಗಾಡಿಯಲ್ಲಿ ಹೊರಟರು. ದೂರವೇನಿಲ್ಲ. ರಕ್ತದ ಕಾಯಿಲೆಗಳನ್ನು ನಲವತ್ತು ವರ್ಷ ನೋಡಿ, ಕಾಲೇಜಿನಲ್ಲಿ ಪಾಠವನ್ನೂ ಹೇಳಿ, ನಿವೃತ್ತರಾಗಿ, ತಾರ್ನಾಕದ ಹಿಂದಿನ ಬೀದಿಯಲ್ಲೇ ಮನೆ ಮಾಡಿಕೊಂಡಿದ್ದ ಡಾಕ್ಟರ್ ನರಹರಿ ಕಲಬುರ್ಗಿಯವರ ಬಳಿಗೆ. ಬೆಳಿಗ್ಗೆ ಎರಡು ತಾಸು ವರಾಂಡದಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಅವರೂ ದಣಿದವರಂತೆಯೇ ಕಾಣುತ್ತಿದ್ದರು. ಒಬ್ಬ ರೋಗಿಯ ಹಿಂದೆ ಐದು ಜನ ಬಂದದ್ದನ್ನು ನೋಡಿ ಇನ್ನಷ್ಟು ದಣಿದರು.

ರಿಪೋರ್ಟನ್ನು ಒಂದು ನಿಮಿಷ ಓದಿದರು. ಕುತ್ತಿಗೆ, ಕಂಕುಳು ಮುಟ್ಟಿ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ, ರಕ್ತ ಕೊಟ್ಟ ವಾರ ನೆಗಡಿ, ಜ್ವರ ಏನಾದರೂ ಇತ್ತೇ ಎಂದು ಕೇಳಿದರು. ಅಮರೇಶಪ್ಪನವರಿಗೆ ನೆನಪಿರಲಿಲ್ಲ. ಸಾವಿತ್ರಿಬಾಯಿಗೆ ಇತ್ತು. ಆ ಇಡೀ ವಾರ ಮೂಗು ಸೋರುತ್ತಿತ್ತು, ಮೈ ಸುಡುತ್ತಿತ್ತು, ಬೇಡವೆಂದರೂ ಕೇಳದೆ ಕೆಲಸಕ್ಕೆ ಹೋದರು ಎಂದು ಹೇಳಿದರು.

"ವೈರಸ್ಸಿನ ಜ್ವರದಾಗ ಹಿಂಗಾಗ್ತದ," ಎಂದರು ಡಾಕ್ಟರು. "ನೂರು ಬಿಳಿ ಕಣದಾಗ ಐವತ್ನಾಲ್ಕು ಇವು ಅದಾವ. ಆದ್ರ ಒಟ್ಟು ಬಿಳಿ ಕಣ ಎಷ್ಟು ಅಂತ ಯಾರರ ನೋಡಿದ್ರೇನು?"

ಯಾರೂ ನೋಡಿರಲಿಲ್ಲ. ಅದು ಮೇಲಿನ ಸಾಲಿನಲ್ಲಿತ್ತು, ದಪ್ಪ ಅಕ್ಷರದಲ್ಲಿರಲಿಲ್ಲ.

"ನಾಲ್ಕು ಸಾವಿರದ ಆರುನೂರು. ಅದರಾಗ ಐವತ್ನಾಲ್ಕು ಪರ್ಸೆಂಟ್ ಅಂದ್ರ ಸುಮಾರು ಎರಡೂವರೆ ಸಾವಿರ. ನಾಲ್ಕು ಸಾವಿರದ ತನಕ ಇದ್ರೂ ನಾವು ಹೆಚ್ಚು ಅನ್ನಂಗಿಲ್ಲ. ನಿಮ್ಮವು ಹೆಚ್ಚಾಗಿಲ್ಲ."

ಬೂದೆಪ್ಪ ಇದನ್ನು ಒಪ್ಪಲಿಲ್ಲ. ನಲವತ್ತಕ್ಕಿಂತ ಐವತ್ನಾಲ್ಕು ಹೆಚ್ಚೆಂಬುದು ಬೇಗಂ ಬಜಾರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಇವರು ನಮ್ಮ ಮನಸ್ಸಿಗೆ ನೋವಾಗದಿರಲೆಂದು ಹೀಗೆ ಹೇಳುತ್ತಿದ್ದಾರೆ ಎಂದು ಅವನು ಅಕ್ಕನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಡಾಕ್ಟರು ಮತ್ತೊಮ್ಮೆ ವಿವರಿಸಲು ಬಾಯಿ ತೆರೆದು, ಮುಚ್ಚಿದರು. ಆಗ ಹತ್ತು ದಿನಗಳಲ್ಲಿ ಮೊದಲ ಸಲ ಅಮರೇಶಪ್ಪನವರ ತಲೆ ಓಡಿತು.

"ಮಲ್ಲಣ್ಣ, ಶೆಡ್ಡಿನಾಗ ಇಪ್ಪತ್ತು ಗಾಡಿ ಅದಾವಂತ ಹಿಡಿ. ಎಂಟು ಸುಮೋ, ಹನ್ನೆರಡು ಕ್ವಾಲಿಸ್. ಐದು ಕ್ವಾಲಿಸ್ ಡ್ಯೂಟಿಗೆ ಹೋದ್ವು. ಈಗ ನೋಡಿದ್ರ ಅರ್ಧಕ್ಕಿಂತ ಹೆಚ್ಚು ಸುಮೋನ ಕಾಣಸ್ತಾವ. ಸುಮೋ ಹೆಚ್ಚಾದ್ವೇನು?"

"ಇಲ್ಲ ಸಾರ. ಸುಮೋ ಎಂಟಽ ಅದಾವ. ಕ್ವಾಲಿಸ್ ಕಡಿಮಿ ಆಗ್ಯಾವ."

"ಅಷ್ಟ," ಎಂದು ಅಮರೇಶಪ್ಪನವರು ಬೂದೆಪ್ಪನ ಕಡೆ ತಿರುಗಿದರು.

ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಲು ಒದ್ದಾಡಿದ್ದೇನೆ ಎಂದು ಡಾಕ್ಟರು ಹೇಳಿದರು. ಆಮೇಲೆ ಮಹೇಶಕುಮಾರನಿಂದ ಆ ಪುಟಗಳನ್ನು ಇಸಿದುಕೊಂಡು, ಎರಡನೆಯ ಪುಟ ತೆರೆದು ಅವನ ಮುಂದೆಯೇ ಹಿಡಿದರು. ಅಲ್ಲಿ ಸಾಧಾರಣ ವೈರಸ್ ಜ್ವರ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದರ ಕೆಳಗೆ ಕೆಂಪು ಗೆರೆ ಇರಲಿಲ್ಲ. ಮಹೇಶಕುಮಾರ ತನ್ನ ಚಪ್ಪಲಿಯನ್ನು ಬಹಳ ಹೊತ್ತು ನೋಡಿಕೊಂಡ.

ಆದರೂ ಇನ್ನೊಮ್ಮೆ ರಕ್ತ ನೋಡೋಣ ಎಂದರು ಡಾಕ್ಟರು. ಒಟ್ಟು ಸಂಖ್ಯೆಯೇ ಏರಿ, ಏರಿದ್ದು ಇಳಿಯದೆ ನಿಂತರೆ ಆಗ ಬೇರೆ ಪರೀಕ್ಷೆ ಬೇಕಾಗುತ್ತದೆ, ಈಗಲೇ ಹೆದರುವುದು ಬೇಡ ಎಂದರು. ಎಲ್ಲರೂ ಎದ್ದರು. ಅಮರೇಶಪ್ಪನವರು ಏಳಲಿಲ್ಲ.

"ಹಂಗಾದ್ರ ಈ ದಣಿವು ಯಾತರದ್ರಿ ಡಾಕ್ಟರ?"

"ದಿನಾ ಎಷ್ಟು ತಾಸು ಮಲಗ್ತೀರಿ?"

"ಈಗ ಹತ್ತು ದಿನ ಬಿಟ್ರ, ನಾಲ್ಕು ತಾಸು."

"ಎಷ್ಟು ವರ್ಷದಿಂದ?"

"ಆರು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ದಣಿವು, ಅಮರೇಶಪ್ಪನವರ. ಅದಕ್ಕ ಬ್ಯಾರೆ ಹೆಸರಿಲ್ಲ."

ಎರಡು ದಿನದ ಮೇಲೆ ಹೊಸ ರಿಪೋರ್ಟು ಬಂತು. ಒಟ್ಟು ಆರು ಸಾವಿರದ ಎಂಟುನೂರು, ಅದರಲ್ಲಿ ಲಿಂಫೋಸೈಟ್ ಮೂವತ್ನಾಲ್ಕು ಪರ್ಸೆಂಟ್. ದಪ್ಪ ಅಕ್ಷರ ಎಲ್ಲೂ ಇರಲಿಲ್ಲ. ಸಾವಿತ್ರಿಬಾಯಿ ಅದನ್ನು ದೇವರ ಮುಂದೆ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದರು. ಹಾಸಿಗೆಯ ಮೇಲೆ ಬಿದ್ದಿದ್ದ ಒದ್ದೆ ಟವೆಲು ಕಂಡಿತು. ಹನ್ನೆರಡು ದಿನ ತಡೆದಿಟ್ಟಿದ್ದನ್ನೆಲ್ಲ ಆಕೆ ಆ ಟವೆಲಿನ ಮೇಲೆ ತೀರಿಸಿಕೊಂಡರು. ಮೂರನೆಯ ಅಂತಸ್ತಿನವರೆಗೂ ಕೇಳಿಸಿತು. ಅಮರೇಶಪ್ಪನವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

ಒಳ್ಳೆಯ ಸುದ್ದಿಯನ್ನು ಎಲ್ಲರೂ ಸಂತೋಷದಿಂದಲೇ ತೆಗೆದುಕೊಂಡರು, ಆದರೆ ಒಂದು ಕೊರತೆ ಇದ್ದೇ ಇತ್ತು. ಬೂದೆಪ್ಪ ಹೈದರಾಬಾದಿನ ಲ್ಯಾಬುಗಳ ಮೇಲೆ ಅಷ್ಟಾಗಿ ವಿಶ್ವಾಸವಿಡಬಾರದು ಎಂದ. ಅಮೃತಪ್ಪ ಸಿಂಧನೂರಿನಿಂದ ಫೋನು ಮಾಡಿ, ತಾನು ಉಪ್ಪು ಬಿಡಿಸಿದ್ದರಿಂದಲೇ ಗುಣವಾಯಿತೆಂದು ತಿಳಿಸಿದ. ಮಲ್ಲಣ್ಣ ಬಾಗಿಲಲ್ಲಿ ನಿಂತು, ಒಳಗೆ ಬರದೆ, ತಲೆ ಕೆರೆದುಕೊಂಡ. ಆವತ್ತು ತಾನು ಹೇಳಿದ ಮಾತು ಸಾಯುವವರಿಗೆ ಹೇಳಿದ್ದು, ಈಗ ಏನು ಮಾಡುವುದು ಎಂದು ಕೇಳಿದ. ತಮಗೆ ಆವತ್ತು ಬಹಳ ಸೀರಿಯಸ್ಸಾಗಿತ್ತು, ಯಾರು ಏನು ಹೇಳಿದರೋ ಒಂದೂ ನೆನಪಿಲ್ಲ ಎಂದು ಅಮರೇಶಪ್ಪನವರು ಹೇಳಿದರು.

ಸೋಮವಾರ ಅವರು ಕೆಲಸಕ್ಕೆ ಹೋದರು. ದಾರಿಯುದ್ದಕ್ಕೂ ಇಷ್ಟು ದಿನ ತಾವಿಲ್ಲದೆ ನಲವತ್ತು ಗಾಡಿಗಳ ಗತಿ ಏನಾಗಿರಬಹುದು, ಯಾರ್ಯಾರು ಎಲ್ಲೆಲ್ಲಿ ನಿಂತು ಕಾದಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು. ಪೂರ್ವಿ ಅವರನ್ನು ಕಂಡು ಎದ್ದು ನಿಂತಳು, ಕೈ ಕುಲುಕಿದಳು, ಕುರ್ಚಿ ಕೊಟ್ಟಳು. ಗಾಡಿಗಳ ವಿಷಯ ಕೇಳಿದರೆ ಮಾತ್ರ ಬೇರೆ ಮಾತು ತೆಗೆದಳು. ಮೂರನೆಯ ಸಲ ಕೇಳಿದ ಮೇಲೆ, ಬೇಜಾರು ಮಾಡಿಕೊಳ್ಳಬೇಡಿ ಸಾರ್ ಎಂದು ರಿಜಿಸ್ಟರನ್ನು ಮುಂದೆ ತಳ್ಳಿದಳು.

ಎರಡು ವಾರದಲ್ಲಿ ತಡವಾಗಿ ಬಂದ ಗಾಡಿಗಳು ಒಟ್ಟು ಮೂರು. ಅಮರೇಶಪ್ಪನವರಿದ್ದಾಗ ದಿನಕ್ಕೆ ಐದು.

ಮಲ್ಲಣ್ಣ ಒಂದು ನೋಟುಬುಕ್ಕಿನಲ್ಲಿ ಯಾರು ಯಾವ ಕಡೆ ಹೋಗಬೇಕೆಂದು ಹಿಂದಿನ ಸಂಜೆಯೇ ಬರೆದು ಇಡುತ್ತಿದ್ದನಂತೆ. ಡ್ರೈವರುಗಳು ತಮ್ಮೊಳಗೇ ಫೋನು ಮಾಡಿಕೊಂಡು, ಒಬ್ಬ ಸಿಕ್ಕಿಬಿದ್ದರೆ ಇನ್ನೊಬ್ಬ ಹೋಗುತ್ತಿದ್ದರಂತೆ. ಸಾರ್‌ಗೆ ಹುಷಾರಿಲ್ಲ, ಅವರ ಕಿವಿಗೆ ದೂರು ಹೋಗಬಾರದು ಎಂದು ಎಲ್ಲರೂ ಮಾತಾಡಿಕೊಂಡಿದ್ದರಂತೆ. ಅಮರೇಶಪ್ಪನವರು ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ, ಮುಂದಕ್ಕೆ ತಿರುವಿದರು. ಆರು ವರ್ಷ ತಾವು ನಿದ್ದೆಗೆಟ್ಟು ಎತ್ತಿ ಹಿಡಿದದ್ದು, ಕೈಬಿಟ್ಟ ಮೇಲೂ ಬಿದ್ದಿರಲಿಲ್ಲ. ಅವರಿಗೆ ಮೊದಲು ಅಳು ಬಂದಂತಾಯಿತು. ಸ್ವಲ್ಪ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತರು. ಕೆಳಗೆ ಗಾಡಿಗಳು ಸಾಲಾಗಿ ನಿಂತಿದ್ದವು, ಯಾರೂ ಯಾರ ಮೇಲೂ ಕೂಗುತ್ತಿರಲಿಲ್ಲ.

ಆಮೇಲೆ ಅವರು ಒಂದು ಕೆಲಸ ಮಾಡಿದರು. ಬೆಳಗಿನ ಮತ್ತು ರಾತ್ರಿಯ ಫೋನು ಮಲ್ಲಣ್ಣನ ಹೆಸರಿಗೆ, ಆ ಹುದ್ದೆಯ ಸಂಬಳದ ಸಮೇತ, ಮಾಡಿಕೊಡಬೇಕೆಂದು ಅರ್ಜಿ ಬರೆದರು. ತಮಗೆ ಹತ್ತರಿಂದ ಐದು ಸಾಕು ಎಂದರು. ಕಾರಣದ ಜಾಗ ಈ ಸಲವೂ ಚಿಕ್ಕದಾಗಿತ್ತು. 'ದಣಿವು' ಎಂದಷ್ಟೇ ಬರೆದರು, ಹಿಡಿಯಿತು. ಆ ಕಾರಣಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಎಂದು ಪೂರ್ವಿ ಹೇಳಿದಳು. ಹೇಳಿ, ಸಹಿ ಹಾಕಿದಳು.

ಸಂಜೆ ಐದಕ್ಕೆ ಅಮರೇಶಪ್ಪನವರು ಕಂಪನಿಯ ಮೇಜಿನ ಫೋನಿನಿಂದ ಮನೆಗೆ ಕರೆ ಮಾಡಿ, ಹೊರಟಿದ್ದೇನೆ ಎಂದರು.

"ಇಷ್ಟ ಲಗೂನ ಯಾಕ?" ಎಂದು ಸಾವಿತ್ರಿಬಾಯಿ ಕೇಳಿದರು. "ಮತ್ತೇನು ಬಂತ್ರಿ ರಿಪೋರ್ಟಿನಾಗ?"

"ಏನೂ ಬಂದಿಲ್ಲ. ಡ್ಯೂಟಿ ಮುಗೀತು."

"ಖರೇ ಹೇಳ್ರಿ."

"ಖರೇನ ಹೇಳಾಕತ್ತೀನಿ. ಬಿಸಿ ರೊಟ್ಟಿ ಮಾಡು."

ಅವರು ಮನೆ ಮುಟ್ಟುವಷ್ಟರಲ್ಲಿ ಬೂದೆಪ್ಪ, ಮಹೇಶಕುಮಾರ, ಸ್ನೇಹಲತಾ ಮೂವರೂ ಬಂದು ಹೊರಕೋಣೆಯಲ್ಲಿ ಕೈಕಟ್ಟಿ ಕುಳಿತಿದ್ದರು.